ಶ್ರೇಷ್ಠ ಕಾರು ಯಾವುದು? ದಿಂಬಂ ಘಾಟಿಯ ತೀರ್ಪು

ಪ್ರಪಂಚದಲ್ಲಿ ಇದುವರೆಗೆ ತಯಾರಾದ ಕಾರುಗಳಲ್ಲಿ ಅತಿ ಶ್ರೇಷ್ಠವಾದುದು ಯಾವುದು ಎಂಬುದು ಎಂದಿಗೂ ಬಗೆಹರಿಯದ ಚರ್ಚೆಗಳಲ್ಲೊಂದು. ಹೈಸ್ಕೂಲಿನ ಹುಡುಗರನ್ನು ಕೇಳಿದರೆ ಬುಗಾಟಿ, ಲ್ಯಾಂಬೋರ್ಗಿನಿ ಎಂದು ತಾವು ಕಣ್ಣಾರೆ ಕಾಣದ ಹೆಸರುಗಳನ್ನು ಹೇಳುತ್ತಾರೆ. ಅವರ ತಂದೆಯರನ್ನು ಕೇಳಿದರೆ ಮಾರುತಿ ಎನ್ನುತ್ತಾರೆ. ಅಜ್ಜಂದಿರು ಅಂಬಾಸಿಡರನ್ನು ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಮೂವರೂ ತಮ್ಮ ತಮ್ಮ ಮಟ್ಟಿಗೆ ಸರಿಯೇ. ಆದರೆ ಅಳತೆಗೋಲೇ ಬೇರೆ ಬೇರೆಯಾದ ಮೇಲೆ ತೀರ್ಪು ಒಂದಾಗುವುದು ಹೇಗೆ?

ಬಲ್ಲವರೇ ಕುಳಿತು ತೀರ್ಪು ಕೊಟ್ಟದ್ದೂ ಉಂಟು. ಹಲವು ದೇಶಗಳ ಮೋಟಾರು ಪತ್ರಕರ್ತರು ಮತ ಹಾಕಿ 1999ರಲ್ಲಿ ‘ಶತಮಾನದ ಕಾರ’ನ್ನು ಆರಿಸಿದರು. ಮೊದಲನೆಯದು ಅಮೆರಿಕದ ಫೋರ್ಡ್ ಮಾಡೆಲ್ ಟಿ, ಎರಡನೆಯದು ಬ್ರಿಟನ್ನಿನ ಮಿನಿ, ಮೂರನೆಯದು ಫ್ರಾನ್ಸಿನ ಸಿಟ್ರೊಯೆನ್ ಡಿ.ಎಸ್., ನಾಲ್ಕನೆಯದು ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್, ಐದನೆಯದು ಅದೇ ದೇಶದ ಪೋರ್ಷೆ 911. ಈ ಐದರಲ್ಲಿ ನಮ್ಮ ದೇಶದ ಕಾರು ಒಂದೂ ಇಲ್ಲ. ಅದಕ್ಕಾಗಿ ಸಿಟ್ಟಾಗಬೇಕಾಗಿಲ್ಲ. ಅವರು ತಮ್ಮ ರಸ್ತೆಯಲ್ಲಿ ನಿಂತು ನೋಡಿದರು. ನಾವು ನಮ್ಮ ರಸ್ತೆಯಲ್ಲಿ ನಿಂತು ನೋಡೋಣ.

ಇಪ್ಪತ್ತೇಳು ತಿರುವುಗಳ ಪರೀಕ್ಷೆ

ನಮ್ಮ ರಸ್ತೆ ಎಂದರೆ ದಿಂಬಂ ಘಾಟಿ. ತಮಿಳುನಾಡಿನ ಈರೋಡು ಜಿಲ್ಲೆಯ ಉತ್ತರದ ಅಂಚಿನಲ್ಲಿ, ಬೆಟ್ಟದ ಮೇಲಿನ ಬಯಲಿನಲ್ಲಿ ತಾಳವಾಡಿ ಇದೆ. ಡಾ. ರಾಜಕುಮಾರರ ಗಾಜನೂರು ಇರುವುದು ಇಲ್ಲಿಯೇ. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ಅಂದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರಿಗೆ ಹೋಯಿತು. ಪಕ್ಕದ ತಾಳವಾಡಿ ಮದ್ರಾಸಿನಲ್ಲಿಯೇ ಉಳಿಯಿತು. ಅದೇ ವರ್ಷ ಕೇರಳಕ್ಕೆ ಸೇರಿದ ಕಾಸರಗೋಡಿನ ಓದುಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಮಾತು ಒಂದು ಕಡೆಗೆ, ಕಚೇರಿ ಇನ್ನೊಂದು ಕಡೆಗೆ. ಕನ್ನಡದ ಚಾಮರಾಜನಗರ ಸಮತಟ್ಟು ದಾರಿಯಲ್ಲಿ ಹತ್ತಿರವೇ ಇದೆ. ಆದರೆ ಜಿಲ್ಲಾ ಕೇಂದ್ರವಾದ ಈರೋಡಿಗೆ ಹೋಗಬೇಕಾದರೆ ಹಾಸನೂರು ದಾಟಿ, ದಿಂಬಂನಿಂದ ಇಪ್ಪತ್ತೇಳು ಹೇರ್‌ಪಿನ್ ತಿರುವುಗಳನ್ನು ಇಳಿದು, ಬಣ್ಣಾರಿ ಅಮ್ಮನ ಗುಡಿಯನ್ನು ಹಾದು, ಸತ್ಯಮಂಗಲದ ಮೇಲೆ ನೂರು ಕಿಲೋಮೀಟರಿಗೂ ಮೀರಿ ಪ್ರಯಾಣ ಮಾಡಬೇಕು.

ಈ ಘಾಟಿ ಕಾರಿನ ಯೋಗ್ಯತೆಯನ್ನು ನಾಲ್ಕು ಪ್ರಶ್ನೆಗಳಲ್ಲಿ ಕೇಳುತ್ತದೆ. ಒಂದು, ಹೊರೆ ಹೊತ್ತು ಏರೀತೆ? ಎರಡು, ಸ್ವಂತ ಕಾರಿಲ್ಲದವನನ್ನೂ ಒಯ್ದೀತೆ? ಮೂರು, ಕೆಟ್ಟು ನಿಂತಲ್ಲಿಯೇ ರಿಪೇರಿಯಾದೀತೆ? ನಾಲ್ಕು, ಇಳಿಯುವಾಗ ಜೀವ ಉಳಿಸೀತೆ? ಗಂಟೆಗೆ ಮುನ್ನೂರು ಕಿಲೋಮೀಟರು ಓಡುವೆಯಾ ಎಂದು ಘಾಟಿ ಕೇಳುವುದಿಲ್ಲ. ಆದ್ದರಿಂದ ಪೋರ್ಷೆಗೆ ನಮಸ್ಕಾರ ಮಾಡಿ ಪಕ್ಕದಲ್ಲಿ ಕೂರಿಸೋಣ. ಎಣ್ಣೆ ಮತ್ತು ಅನಿಲದ ಒತ್ತಡದಿಂದ ಮೈಯನ್ನು ತಾನೇ ಏರಿಸಿ ಇಳಿಸಿಕೊಳ್ಳುತ್ತಿದ್ದ, 1955ರ ಅದ್ಭುತವಾದ ಸಿಟ್ರೊಯೆನ್ ಡಿ.ಎಸ್. ಕೂಡ ಮೂರನೆಯ ಪ್ರಶ್ನೆಯಲ್ಲಿ ಮುಗ್ಗರಿಸುತ್ತದೆ. ಕಾಡಿನ ತಿರುವಿನಲ್ಲಿ ಅದರ ಎಣ್ಣೆಯ ಕೊಳವೆ ಒಡೆದರೆ ಯಾರನ್ನು ಕರೆಯುವುದು?

ಹಿಂದು ಹಿಂದಾಗಿ ಬೆಟ್ಟ ಹತ್ತಿದ ಕಾರು

ಮಾಡೆಲ್ ಟಿ ಎಂಬ ಫೋರ್ಡ್ ಕಾರು 1908ರಿಂದ 1927ರವರೆಗೆ ತಯಾರಾಯಿತು. ಒಟ್ಟು ಒಂದೂವರೆ ಕೋಟಿ ಕಾರುಗಳು ಹೊರಬಂದವು. 1913ರಲ್ಲಿ ಹೆನ್ರಿ ಫೋರ್ಡರ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಬಂದಿತು. ಕೆಲಸಗಾರ ಕಾರಿನ ಬಳಿಗೆ ಹೋಗುವ ಬದಲು ಕಾರೇ ಕೆಲಸಗಾರನ ಬಳಿಗೆ ಬರತೊಡಗಿತು. ಸುಮಾರು ಹನ್ನೆರಡು ಗಂಟೆ ಹಿಡಿಯುತ್ತಿದ್ದ ಜೋಡಣೆ ಒಂದೂವರೆ ಗಂಟೆಗೆ ಇಳಿಯಿತು. ಆರಂಭದಲ್ಲಿ 850 ಡಾಲರು ಇದ್ದ ಬೆಲೆ 1920ರ ದಶಕದ ನಡುವೆ 260 ಡಾಲರಿಗೆ ಬಂದಿತು. ಶ್ರೀಮಂತರ ಆಟಿಕೆ ರೈತನ ಅಂಗಳಕ್ಕೆ ಇಳಿದದ್ದು ಹೀಗೆ.

ಬೆಟ್ಟದವರು ನೆನಪಿಡಬೇಕಾದ ಒಂದು ಸ್ವಾರಸ್ಯವಿದೆ. ಈ ಕಾರಿನಲ್ಲಿ ಪೆಟ್ರೋಲ್ ಪಂಪು ಇರಲಿಲ್ಲ. ಸೀಟಿನ ಕೆಳಗಿದ್ದ ತೊಟ್ಟಿಯಿಂದ ಇಂಧನ ತಾನಾಗಿಯೇ ಎಂಜಿನ್ನಿಗೆ ಹರಿಯಬೇಕಿತ್ತು. ಕಡಿದಾದ ಏರಿನಲ್ಲಿ ಮೂತಿ ಮೇಲಾದರೆ, ತೊಟ್ಟಿಯಲ್ಲಿ ಪೆಟ್ರೋಲು ಕಡಿಮೆ ಇದ್ದಾಗ ಹರಿವು ನಿಂತುಬಿಡುತ್ತಿತ್ತು. ಆಗ ಚಾಲಕರು ಕಾರನ್ನು ತಿರುಗಿಸಿ ಹಿಂದು ಹಿಂದಾಗಿ ಬೆಟ್ಟ ಹತ್ತಿಸುತ್ತಿದ್ದರು. ರಿವರ್ಸ್ ಗೇರಿಗೆ ಎಳೆಯುವ ಶಕ್ತಿಯೂ ಹೆಚ್ಚು. ಊನವಿದ್ದರೂ ಉಪಾಯಕ್ಕೆ ಎಡೆ ಕೊಟ್ಟ ಯಂತ್ರವಿದು. ಸಾಮಾನ್ಯ ಸಲಕರಣೆಗಳಿಂದ ರೈತನೇ ಬಿಚ್ಚಿ ಜೋಡಿಸಬಹುದಾಗಿತ್ತು. ಮೊದಲ ಸ್ಥಾನದ ಬಗ್ಗೆ ಪತ್ರಕರ್ತರ ತೀರ್ಪಿಗೆ ನಮ್ಮ ಘಾಟಿಯ ಒಪ್ಪಿಗೆಯೂ ಇದೆ.

ಅಂಬಾಸಿಡರಿನ ವಾದ

ಇನ್ನು ನಮ್ಮ ಕಾರುಗಳ ಸರದಿ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ನಕ್ಷೆಯ ಮೇಲೆ ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಅಂಬಾಸಿಡರನ್ನು ತಯಾರಿಸತೊಡಗಿದ್ದು 1950ರ ದಶಕದ ಕೊನೆಯಲ್ಲಿ. ನಿಲ್ಲಿಸಿದ್ದು 2014ರ ಮೇ ತಿಂಗಳಲ್ಲಿ. ಮಂತ್ರಿಯ ಬಿಳಿ ಕಾರೂ ಅದೇ, ಮದುವೆ ದಿಬ್ಬಣದ ಬಾಡಿಗೆ ಕಾರೂ ಅದೇ.

ಇದರ ವಿರುದ್ಧದ ವಾದ ಗಟ್ಟಿಯಾದುದು. ಲೈಸೆನ್ಸಿನ ಕಾಲದಲ್ಲಿ ಕೊಳ್ಳುವವನಿಗೆ ಬೇರೆ ಆಯ್ಕೆ ಎಲ್ಲಿತ್ತು? ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಪೆಟ್ರೋಲು ಕುಡಿಯುತ್ತಿತ್ತು, ಸ್ಟಿಯರಿಂಗು ಭಾರ. ಪೈಪೋಟಿ ಇಲ್ಲದೆ ಗೆದ್ದದ್ದು ಗೆಲುವೇ ಎಂದು ಕೇಳುವವರಿದ್ದಾರೆ. ಉತ್ತರವೂ ಉಂಟು. 1991ರ ನಂತರ ಆಯ್ಕೆಗಳು ಸಾಲುಗಟ್ಟಿ ಬಂದವು. ಆದರೂ ಬಾಡಿಗೆ ಓಡಿಸುವವರು ಎಷ್ಟೋ ವರ್ಷ ಅದನ್ನು ಬಿಡಲಿಲ್ಲ. ಕಾರಣ ಮೋಹವಲ್ಲ, ಲೆಕ್ಕಾಚಾರ. ಬಾನೆಟ್ ಎತ್ತಿದರೆ ಒಬ್ಬ ಮನುಷ್ಯ ಒಳಗೆ ಬಾಗಿ ಕೆಲಸ ಮಾಡುವಷ್ಟು ಜಾಗ. ಹಿಂದೆ ಎತ್ತಿನಗಾಡಿಯಂತೆ ಹೊರೆ ತಾಳುವ ಪಟ್ಟಿ ಸ್ಪ್ರಿಂಗುಗಳು. ಸಣ್ಣ ಊರಿನ ಅಂಗಡಿಯಲ್ಲೂ ಸಿಗುವ ಬಿಡಿಭಾಗಗಳು. ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಹೋಗುವುದರಿಂದ ಏರಿನಲ್ಲಿ ಭಾರ ಹಿಂದಕ್ಕೆ ವಾಲಿದಷ್ಟೂ ಹಿಡಿತ ಹೆಚ್ಚುತ್ತಿತ್ತು. ಬೇಸಿಗೆಯಲ್ಲಿ ರೇಡಿಯೇಟರು ಕುದಿದರೆ ನಿಲ್ಲಿಸಿ ನೀರು ಹೊಯ್ಯುವುದು, ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗಿ ಗುಳ್ಳೆ ಕಟ್ಟಿದರೆ ಪಂಪಿಗೆ ಒದ್ದೆ ಬಟ್ಟೆ ಸುತ್ತುವುದು, ಇವು ಆ ಕಾಲದ ಘಾಟಿ ಚಾಲಕರ ಬಾಲಪಾಠ.

ಬ್ರಿಟನ್ನಿನ ಟಾಪ್ ಗೇರ್ ಕಾರ್ಯಕ್ರಮವು 2013ರಲ್ಲಿ ನಡೆಸಿದ ಸ್ಪರ್ಧೆಯಲ್ಲಿ ಪ್ರಪಂಚದ ಶ್ರೇಷ್ಠ ಟ್ಯಾಕ್ಸಿ ಎಂಬ ಹೆಸರು ಅಂಬಾಸಿಡರಿಗೆ ಬಂದಿತು. 2017ರಲ್ಲಿ ಫ್ರಾನ್ಸಿನ ಪೆಜೊ–ಸಿಟ್ರೊಯೆನ್ ಕಂಪೆನಿಗಳ ಸಮೂಹ ಆ ಹೆಸರನ್ನೇ 80 ಕೋಟಿ ರೂಪಾಯಿಗೆ ಕೊಂಡಿತು. ನಾವು ಈಗ ತಾನೆ ಬದಿಗಿರಿಸಿದ ಡಿ.ಎಸ್. ಕಾರಿನ ಮನೆತನವೇ ಅದು!

ಸಮಕಾಲೀನರಾದ ಇನ್ನಿಬ್ಬರನ್ನು ಮರೆಯಬಾರದು. ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇಪ್ಪತ್ತೈದು ಅಡಿ ಅಗಲದ ಸುತ್ತಿನಲ್ಲಿ ತಿರುಗಬಲ್ಲದೆಂದು ಹೆಸರಾಗಿತ್ತು. ಹೇರ್‌ಪಿನ್ ತಿರುವಿಗೆಂದೇ ಹುಟ್ಟಿದಂತಹ ಗುಣ. ಆದರೆ 1970ರ ದಶಕದ ಆರಂಭಕ್ಕೇ ಅದರ ಕಾಲ ಮುಗಿಯಿತು. ಬೊಂಬಾಯಿಯ ಪ್ರೀಮಿಯರ್ ಕಂಪೆನಿಯ ಫಿಯೆಟ್, ಮುಂದೆ ಪದ್ಮಿನಿ ಎಂದು ಹೆಸರಾದದ್ದು, ಹಗುರ ಮೈಯ ಚುರುಕು ಕಾರು. ಮುಂಬಯಿಯ ಕಪ್ಪು–ಹಳದಿ ಟ್ಯಾಕ್ಸಿಯಾಗಿ 2023ರ ಅಕ್ಟೋಬರಿನವರೆಗೂ ದುಡಿಯಿತು. ಅದರ ಕೀರ್ತಿ ಪಟ್ಟಣದ್ದು, ಬೆಟ್ಟದ್ದಲ್ಲ.

ಪುಟ್ಟ ಕಾರಿನ ದೊಡ್ಡ ಕೆಲಸ

1956ರ ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ, ಕಡಿಮೆ ಕುಡಿಯುವ ಪುಟ್ಟ ಕಾರಿನ ಅಗತ್ಯ ಕಂಡಿತು. ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರು ಎಂಜಿನ್ನನ್ನು ಅಡ್ಡಡ್ಡವಾಗಿ ಕೂರಿಸಿ, ಮುಂದಿನ ಚಕ್ರಗಳಿಗೆ ಬಲ ಕೊಟ್ಟು, ಹತ್ತು ಅಡಿ ಉದ್ದದಲ್ಲಿ ನಾಲ್ವರಿಗೆ ಜಾಗ ಮಾಡಿದರು. ಅದೇ 1959ರ ಮಿನಿ. ಇದೇ ಬಗೆಯ ಜೋಡಣೆ ಜಪಾನಿನ ಸುಜುಕಿಯ ಮೂಲಕ ನಮ್ಮ ಸಾಮಾನ್ಯರ ಮನೆ ಮುಟ್ಟಿತು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಬೀಗದ ಕೈಯನ್ನು ಗ್ರಾಹಕರಿಗೆ ಕೊಟ್ಟರು. 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ 25 ಲಕ್ಷಕ್ಕೂ ಮೀರಿ ಮಾರಾಟವಾಗಿತ್ತು.

ಘಾಟಿಯಲ್ಲಿ ಇದಕ್ಕೊಂದು ಕೊರತೆ ಇತ್ತು. ಹಿಂದೆ ಜನ ತುಂಬಿದರೆ ಏರಿನಲ್ಲಿ ಮುಂದಿನ ಚಕ್ರಗಳ ಮೇಲಿನ ಭಾರ ತಗ್ಗಿ, ಜಲ್ಲಿ ಎದ್ದ ತಿರುವಿನಲ್ಲಿ ಅವು ಸುಮ್ಮನೆ ಸುತ್ತುತ್ತವೆ. ಆದರೂ ಕಾರು ಎಂದರೆ ಸಾಹುಕಾರರದು ಎಂಬ ಭಾವನೆಯನ್ನು ಮುರಿದದ್ದು ಇದು. ಮೇಷ್ಟರು, ಗುಮಾಸ್ತರು, ಸಣ್ಣ ವ್ಯಾಪಾರಿಗಳು ಚಾಲಕನ ಸೀಟಿನಲ್ಲಿ ಕುಳಿತದ್ದು ಇದರಿಂದ. ಇದರ ಸೋದರ ಓಮ್ನಿ ವ್ಯಾನು 1984ರಲ್ಲಿ ಬಂದಿತು. ಎಂಜಿನ್ನು ಅದೇ, ಆದರೆ ಬಲ ಹಿಂದಿನ ಚಕ್ರಕ್ಕೆ. ಪಕ್ಕಕ್ಕೆ ಸರಿಯುವ ಬಾಗಿಲು. ಆಂಬುಲೆನ್ಸಿನ ಮಾದರಿಯಲ್ಲೂ ಬರುತ್ತಿತ್ತು. ಆದರೆ ಚಾಲಕನ ಮೊಣಕಾಲಿನ ಮುಂದೆ ತೆಳು ತಗಡಲ್ಲದೆ ಬೇರೇನೂ ಇರಲಿಲ್ಲ. ಹೊಸ ಸುರಕ್ಷತಾ ನಿಯಮಗಳು ಬಂದಾಗ, 2019ರಲ್ಲಿ ಅದೂ ನಿಂತಿತು.

ಜೀಪು ಕಾರೆ?

ಪಂಡಿತರ ಪಟ್ಟಿಯಿಂದ ಜೀಪು ತಪ್ಪಿಹೋಗುವುದು ಸಾಮಾನ್ಯ. ಅದು ಕಾರೇ ಅಲ್ಲ ಎನ್ನುತ್ತಾರೆ. ಎರಡನೇ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ಹುಟ್ಟಿ, ಆರು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿ, 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಕಂಪೆನಿಯ ಮೂಲಕ ಭಾರತಕ್ಕೆ ಬಂದ ವಾಹನವಿದು. ಯುದ್ಧ ಮುಗಿಯಿತು, ಜೀಪಿನ ಕೆಲಸ ಮುಗಿಯಲಿಲ್ಲ. ಕಾಸರಗೋಡಿನ ಮಲೆನಾಡಿನಲ್ಲಿ ಸರ್ವಿಸ್ ಜೀಪಿಗೆ ನೇತಾಡಿಕೊಂಡು ಮನೆ ಸೇರಿದವರು ಇದನ್ನು ಒಪ್ಪಿಯಾರು.

ತಲಮಲೆಯ ಕಡೆಗೆ, ಸತ್ಯಮಂಗಲ ಹುಲಿ ಕಾಡಿನೊಳಗೆ ಸೋಲಿಗರು ಮತ್ತು ಊರಾಳಿಗಳ ಊರುಗಳಿವೆ. ಡಾಂಬರು ಮುಗಿದಲ್ಲಿ ಕಲ್ಲುದಾರಿ, ಕಲ್ಲುದಾರಿ ಮುಗಿದಲ್ಲಿ ಹಳ್ಳ. ಹೆರಿಗೆಯ ನೋವು ತಿನ್ನುತ್ತಿರುವ ಹೆಂಗಸನ್ನು ಅಲ್ಲಿಂದ ತರಬೇಕಾದರೆ ಇರುವುದು ಎರಡೇ ದಾರಿ, ನಾಲ್ವರ ಹೆಗಲ ಮೇಲಿನ ಕಂಬಳಿಯ ಜೋಲಿ ಅಥವಾ ನಾಲ್ಕೂ ಚಕ್ರಗಳಿಂದ ಎಳೆಯುವ ಜೀಪು. 2008ರಿಂದ ತಮಿಳುನಾಡಿನಲ್ಲಿ 108 ಆಂಬುಲೆನ್ಸು ಇದೆ, ಸಂತೋಷ. ಆದರೆ ರಸ್ತೆ ಎಲ್ಲಿಯವರೆಗೋ ಆಂಬುಲೆನ್ಸು ಅಲ್ಲಿಯವರೆಗೆ. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ, ವನ್ಯಪ್ರಾಣಿಗಳ ರಕ್ಷಣೆಗಾಗಿ ಘಾಟಿಯ ರಾತ್ರಿ ಸಂಚಾರಕ್ಕೆ ನಿರ್ಬಂಧಗಳು ಬಂದವು. ಆನೆ ಚಿರತೆಗಳಿಗೂ ಬದುಕಬೇಕು, ಸರಿಯೇ. ಆಂಬುಲೆನ್ಸಿಗೆ ತಡೆಯಿಲ್ಲ, ಆದರೆ ರೋಗಿಯನ್ನು ಆಂಬುಲೆನ್ಸಿನವರೆಗೆ ಮುಟ್ಟಿಸುವವರು ಯಾರು? ಆ ಕೊನೆಯ ಮೂರು ನಾಲ್ಕು ಮೈಲಿಯ ಮೇಲೆ ಒಂದು ಜೀವ ನಿಂತಿರುವಾಗ, ಜೀಪು ಕಾರೋ ಅಲ್ಲವೋ ಎಂಬ ವಾದ ಪಟ್ಟಣದವರ ಮನರಂಜನೆ.

ನಾಲ್ಕನೆಯ ಪ್ರಶ್ನೆ

ಹಳೆಯ ಕಾರುಗಳನ್ನು ಹೊಗಳುವಾಗ ಒಂದು ಸತ್ಯವನ್ನು ಮುಚ್ಚಿಡಬಾರದು. ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕೆಳಗಿನ ಗೇರಿನಲ್ಲಿಯೇ ಇಳಿಯಬೇಕೆಂಬ ನಿಯಮ ಹುಟ್ಟಿದ್ದು ಅದಕ್ಕೇ. ಅಪಘಾತವಾದರೆ ಒಳಗಿನವರನ್ನು ಹಿಡಿದಿಡಲು ಆ ಕಾರುಗಳಲ್ಲಿ ಏನೂ ಇರಲಿಲ್ಲ. ಸ್ವೀಡನ್ನಿನ ವೋಲ್ವೊ ಕಂಪೆನಿಯ ನಿಲ್ಸ್ ಬೋಲಿನ್ ಎಂಬವರು ರೂಪಿಸಿದ, ಭುಜಕ್ಕೂ ಸೊಂಟಕ್ಕೂ ಬಿಗಿಯುವ ಪಟ್ಟಿ 1959ರಲ್ಲಿ ಕಾರಿಗೆ ಬಂದಿತು. ಅದರ ಹಕ್ಕನ್ನು ಕಂಪೆನಿ ತನ್ನಲ್ಲೇ ಇಟ್ಟುಕೊಳ್ಳದೆ ಇತರ ತಯಾರಕರಿಗೂ ಬಿಟ್ಟುಕೊಟ್ಟಿತು. ಮಿನಿ ಬಂದ ವರ್ಷವೇ ಬಂದ ಈ ಪಟ್ಟಿ ಉಳಿಸಿದ ಜೀವಗಳನ್ನು ನೆನೆದರೆ, ಅದನ್ನು ಮೊದಲು ಧರಿಸಿದ ವೋಲ್ವೊ ಕಾರಿಗೆ ಶ್ರೇಷ್ಠರ ಸಾಲಿನಲ್ಲಿ ಆಸನ ಕೊಡದಿರಲಾದೀತೆ?

ಆದ್ದರಿಂದ ನಮ್ಮ ಘಾಟಿಯ ತೀರ್ಪು ಹೀಗೆ: ಮೊದಲು ಮಾಡೆಲ್ ಟಿ, ಅದರ ಹೆಗಲಿಗೆ ಹೆಗಲಾಗಿ ಜೀಪು, ಆಮೇಲೆ ಅಂಬಾಸಿಡರ್, ತನ್ನ ಹೊಟ್ಟೆಯಲ್ಲಿ ಮಿನಿಯ ಯುಕ್ತಿಯನ್ನು ಹೊತ್ತು ತಂದ ಮಾರುತಿ 800, ಐದನೆಯದು 1959ರ ವೋಲ್ವೊ. ಎರಡು ಕೋಟಿ ಹದಿನೈದು ಲಕ್ಷ ಸಂಖ್ಯೆಯಲ್ಲಿ ಮಾರಾಟವಾದ ಬೀಟಲ್ ದೊಡ್ಡದೇ. ಆದರೆ ಅದು ನಮ್ಮ ಬೆಟ್ಟ ಹತ್ತಲಿಲ್ಲ, ನಮ್ಮವರನ್ನು ಒಯ್ಯಲಿಲ್ಲ.

ಆರನೆಯ ಆಸನ ಖಾಲಿ ಇರಲಿ. ಇಂದಿನ ಕಾರುಗಳು ಕುದಿಯುವುದಿಲ್ಲ, ಕಡಿಮೆ ಹೊಗೆ ಬಿಡುತ್ತವೆ, ಗಾಳಿಚೀಲ ಬಿಚ್ಚಿ ಜೀವ ಉಳಿಸುತ್ತವೆ. ವಿದ್ಯುತ್ ಕಾರು ಘಾಟಿ ಇಳಿಯುವಾಗ ಇಳಿತದ ಬಲವನ್ನೇ ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಮೂರು ಪ್ರಶ್ನೆಗಳಿಗೆ ಅವು ಹಳೆಯವಕ್ಕಿಂತ ಚೆನ್ನಾಗಿ ಉತ್ತರಿಸಬಲ್ಲವು. ಎಡವುವುದು ರಿಪೇರಿಯ ಪ್ರಶ್ನೆಯಲ್ಲಿ. ಅಂಬಾಸಿಡರನ್ನು ಬಿಚ್ಚಿ ಕಲಿತ ಮೆಕ್ಯಾನಿಕ್ಕಿಗೆ ಪುಸ್ತಕ ಬೇಕಾಗಿರಲಿಲ್ಲ. ಗುರುವಿನ ಕೈ ನೋಡಿ ಕಲಿತ. ಈಗಿನ ಕಾರಿನ ರೋಗ ಕಂಪ್ಯೂಟರಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮೂಡುತ್ತದೆ. ಗಡಿನಾಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿದ ಹುಡುಗ ತರಬೇತಿಗೆ ಹೋದರೆ, ತಾಳವಾಡಿಯವನಾದರೆ ತಮಿಳು ಅಥವಾ ಇಂಗ್ಲಿಷು, ಕಾಸರಗೋಡಿನವನಾದರೆ ಮಲಯಾಳ ಅಥವಾ ಇಂಗ್ಲಿಷು. ಕೈಯಲ್ಲಿ ಕಸುಬಿದ್ದರೂ ಭಾಷೆಯಲ್ಲಿ ಹಿಂದೆ ಬೀಳುವವರು ನಮ್ಮ ಮಕ್ಕಳು. ಅವರ ಕೈಗೆ ಸ್ಪ್ಯಾನರಿನ ಜೊತೆಗೆ ಅವರಿಗೆ ತಿಳಿಯುವ ಒಂದು ಕೈಪಿಡಿಯನ್ನೂ ಕೊಟ್ಟ ದಿನ, ದಿಂಬಂನ ಯಾವ ತಿರುವಿನಲ್ಲಿ ನಿಂತರೂ ನಮ್ಮೂರಿನ ಹುಡುಗನೇ ರಿಪೇರಿ ಮಾಡಬಲ್ಲ ಕಾರು ಬಂದು ಆ ಆಸನದಲ್ಲಿ ಕೂರಲಿ.