ಮಕ್ಕಳ ಉಬ್ಬಸ: ಮನೆಯ ಗಾಳಿ, ಹೆತ್ತವರ ಪಾಲು

ಮೃಗಶಿರಾ ಮಳೆ ಕೂಡುವ ದಿನ ಸಮೀಪಿಸಿತೆಂದರೆ ಉಬ್ಬಸದ ಮಕ್ಕಳನ್ನು ಕರೆದುಕೊಂಡು ಹೈದರಾಬಾದಿಗೆ ಹೊರಡುವವರು ನಮ್ಮ ಸೀಮೆಯಲ್ಲಿಯೂ ಉಂಟು. ಅಲ್ಲಿ ಮೀನಿನ ಬಾಯಲ್ಲಿ ಔಷಧವಿಟ್ಟು ನುಂಗಿಸುತ್ತಾರೆ. ಮೀನು ಮುಟ್ಟದ ನಮ್ಮಂಥವರಿಗೆ ಅದನ್ನೇ ಬೆಲ್ಲದಲ್ಲಿ ಕೊಡುವ ವ್ಯವಸ್ಥೆಯಿದೆ. ನಂಬಿಕೆಯಿಂದ ಹೋಗುವವರನ್ನು ತಡೆಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ಔಷಧ ನುಂಗಿದ ಮಗು ಎರಡನೆಯ ದಿನ ಮರಳಿ ಬರುವುದು ಯಾವ ಮನೆಗೆ? ಅದೇ ಹೊಗೆಯ ಅಡುಗೆಮನೆ, ಅದೇ ಹಳೆಯ ಕೌದಿ, ಜಗುಲಿಯ ಮೇಲೆ ಬೀಡಿ ಸೇದುವ ಅದೇ ಹಿರಿಯರು. ವರ್ಷದ ಒಂದು ದಿನದ ಔಷಧಕ್ಕಿಂತ ಉಳಿದ 364 ದಿನಗಳ ಮನೆಯ ಗಾಳಿ ಆ ಮಗುವಿನ ಉಸಿರನ್ನು ಹೆಚ್ಚು ಆಳುತ್ತದೆ.

ನಮ್ಮ ಜನ ಗೂರಲು, ದಮ್ಮು ಎಂದು ಕರೆಯುವ ಈ ವ್ಯಾಧಿಯಲ್ಲಿ ಶ್ವಾಸನಾಳಗಳ ಒಳಪದರವು ಸದಾ ಸ್ವಲ್ಪ ಊದಿಕೊಂಡು ಕೆರಳಿದ ಸ್ಥಿತಿಯಲ್ಲಿರುತ್ತದೆ. ಹೊಗೆ, ಧೂಳು, ನೆಗಡಿ ಅಥವಾ ತಣ್ಣನೆಯ ಗಾಳಿ ತಾಗಿದೊಡನೆ ನಾಳದ ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ, ಕಫ ತುಂಬುತ್ತದೆ, ಒಳಗೆ ಹೋದ ಗಾಳಿ ಹೊರಬರಲಾರದೆ ಸಿಳ್ಳಿನಂಥ ಸದ್ದು ಹೊರಡುತ್ತದೆ. ಮಕ್ಕಳ ನಾಳಗಳು ಮೊದಲೇ ಕಿರಿದಾದ್ದರಿಂದ ಅಲ್ಪ ಊತವೂ ಅವರಿಗೆ ದೊಡ್ಡ ಸಂಕಟ. ಕೆಲವು ಮಕ್ಕಳಲ್ಲಿ ಸಿಳ್ಳಿನ ಸದ್ದೇ ಇರುವುದಿಲ್ಲ. ನಡುರಾತ್ರಿಯ ಅಥವಾ ಬೆಳಗಿನ ಜಾವದ ಒಣಕೆಮ್ಮು ಮಾತ್ರ ಇರುತ್ತದೆ. ಚರಕ ಸಂಹಿತೆಯೂ ಶ್ವಾಸರೋಗದ ಕಾರಣಗಳಲ್ಲಿ ಧೂಳು, ಹೊಗೆಗಳನ್ನು ಎಣಿಸಿದೆ. ಮೋಡ ಕವಿದಾಗ, ತಂಪು ಹೆಚ್ಚಿದಾಗ ತಮಕ ಶ್ವಾಸ ಉಲ್ಬಣಿಸುತ್ತದೆ, ರೋಗಿಗೆ ಮಲಗುವುದಕ್ಕಿಂತ ಕುಳಿತರೆ ಹಿತವೆನಿಸುತ್ತದೆ ಎಂದೂ ಗುರುತಿಸಿದೆ.

ಬೆಂಗಳೂರಿನ ಮಕ್ಕಳ ಶ್ವಾಸರೋಗ ತಜ್ಞ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ 20,000 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದಾಗ ಕಂಡ ಲೆಕ್ಕ ಗಮನಾರ್ಹವಾದುದು. 1979ರಲ್ಲಿ ನೂರಕ್ಕೆ 9 ಮಕ್ಕಳಲ್ಲಿದ್ದ ಅಸ್ತಮಾ 1999ರ ಹೊತ್ತಿಗೆ 29.5ಕ್ಕೆ ಏರಿತ್ತು. ಇಪ್ಪತ್ತು ವರ್ಷಗಳಲ್ಲಿ ಮಕ್ಕಳ ರಕ್ತಗುಣ ಬದಲಾಗದು. ಬದಲಾದದ್ದು ಊರಿನ ಗಾಳಿ. ಮುಂದೆ ಅವರು ಶಾಲೆಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ವಾಹನದಟ್ಟಣೆಯ ಪ್ರದೇಶದ ಬಡಮಕ್ಕಳಲ್ಲಿ ಪ್ರಮಾಣ ನೂರಕ್ಕೆ 31ರಷ್ಟು ಕಂಡರೆ, ಗ್ರಾಮೀಣ ಮಕ್ಕಳಲ್ಲಿ 5.7 ಮಾತ್ರ. ಹಳ್ಳಿಯವರಾದ ನಾವು ಇದನ್ನು ಓದಿ ನಿಶ್ಚಿಂತರಾಗುವಂತಿಲ್ಲ. ಹಳ್ಳಿಯ ಬಯಲಿನ ಗಾಳಿ ಶುದ್ಧವಿದ್ದರೂ ಮನೆಯೊಳಗಿನದು ಹಾಗಿರಬೇಕೆಂಬ ನಿಯಮವಿಲ್ಲ.

ಒಲೆಯಿಂದ ಆರಂಭಿಸೋಣ. ಉಜ್ವಲಾ ಯೋಜನೆ 2016ರಲ್ಲಿ ಬಂದ ಮೇಲೆ ಹಳ್ಳಿಹಳ್ಳಿಗೂ ಸಿಲಿಂಡರು ತಲುಪಿದೆ, ನಿಜ. ಆದರೆ ಸ್ನಾನದ ಹಂಡೆಯ ಕೆಳಗೆ ಇಂದಿಗೂ ಉರಿಯುವುದು ಕಟ್ಟಿಗೆ, ಬೆರಣಿ, ಮೆಕ್ಕೆಜೋಳದ ದಂಟು. ಸಿಲಿಂಡರು ತೀರಿದ ವಾರ ರೊಟ್ಟಿಯೂ ಅದರ ಮೇಲೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಹೊಗೆಕೊಳವೆಯುಳ್ಳ ‘ಅಸ್ತ್ರ ಒಲೆ’ಯನ್ನು ನಮ್ಮ ನಾಡಿನ ಹೆಣ್ಣುಮಕ್ಕಳಿಗೆಂದೇ ರೂಪಿಸಿತ್ತು. ಹಂಡೆಯ ಒಲೆಗೂ ಅಂಥದೊಂದು ಹೊಗೆಕೊಳವೆ ಇರಿಸುವುದು ಊರ ಗೌಂಡಿಗೆ ಅರ್ಧ ದಿನದ ಕೆಲಸ. ಅದಾಗದಿದ್ದರೆ ಒಲೆ ಉರಿಯುವಷ್ಟು ಹೊತ್ತು ಮಗುವನ್ನು ಅಲ್ಲಿಂದ ದೂರವಿರಿಸಬೇಕು. ತಾಯಿಯ ಬೆನ್ನಿಗೋ ಕಂಕುಳಿಗೋ ಅಂಟಿಕೊಂಡ ಕೂಸು ತಾಯಿಯಷ್ಟೇ ಹೊಗೆ ಕುಡಿಯುತ್ತದೆ.

ಎರಡನೆಯ ಹೊಗೆ ಬೀಡಿ, ಸಿಗರೇಟಿನದು. ‘ನಾನು ಹೊರಗೆ ಸೇದುತ್ತೇನೆ’ ಎನ್ನುವ ತಂದೆಯ ಅಂಗಿಯಲ್ಲಿ, ಹೊದಿಕೆಯಲ್ಲಿ ಅದು ಒಳಗೆ ಬಂದೇ ಬರುತ್ತದೆ. ಮೂರನೆಯದು ಸೊಳ್ಳೆ ಬತ್ತಿಯದು. ಅದರ ಹೊಗೆಯನ್ನು ಅಳೆದ ಸಂಶೋಧಕರು, ಒಂದು ಬತ್ತಿ ಪೂರ್ತಿ ಉರಿದರೆ ಹೊರಸೂಸುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮ ಎಂದು 2003ರಲ್ಲಿ ಪ್ರಕಟಿಸಿದರು. ಬಾಗಿಲು ಮುಚ್ಚಿ, ಮಗುವಿನ ತಲೆಯ ಬಳಿ ಬತ್ತಿ ಹಚ್ಚಿ ಮಲಗಿಸುವ ತಾಯಂದಿರು ಈ ಸಂಖ್ಯೆಯನ್ನು ನೆನಪಿಡಲಿ. ಸೊಳ್ಳೆ ಪರದೆ ಇರುವಾಗ ಬತ್ತಿಯ ಹಂಗೇಕೆ? ನಾಲ್ಕನೆಯದನ್ನು ಹೇಳಲು ಸ್ವಲ್ಪ ಸಂಕೋಚವಾದರೂ ಹೇಳಲೇಬೇಕು: ಊದುಬತ್ತಿ, ಲೋಬಾನ, ಧೂಪ. ಇಷ್ಟಲಿಂಗ ಪೂಜೆಗೆ ವಿಭೂತಿ, ಪತ್ರೆ, ಪುಷ್ಪ, ಜ್ಯೋತಿ ಸಾಕಾಗದೆ? ಉಬ್ಬಸದ ಮಗುವಿರುವ ಮನೆಯಲ್ಲಿ ಧೂಪವನ್ನು ಬಿಟ್ಟರೆ ಪೂಜೆಗೆ ಕೊರತೆಯಾಗದು.

ಇನ್ನು ಹಾಸಿಗೆ. ಮನೆಯ ಧೂಳಿನಲ್ಲಿ ಕಣ್ಣಿಗೆ ಕಾಣದ, ಸುಮಾರು ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟಿರುವ ನುಸಿಗಳು ವಾಸಿಸುತ್ತವೆ. ನಮ್ಮ ಚರ್ಮದಿಂದ ಉದುರುವ ಹೊಟ್ಟೇ ಅವುಗಳ ಆಹಾರ; ಅವುಗಳ ಹಿಕ್ಕೆಯೇ ಅನೇಕ ಮಕ್ಕಳಿಗೆ ಒಗ್ಗದ ವಸ್ತು. ಹಾಲೆಂಡಿನ ಲೈಡನ್ ನಗರದ ವಿಜ್ಞಾನಿಗಳು 1960ರ ದಶಕದಲ್ಲಿ ಇದನ್ನು ಪತ್ತೆಹಚ್ಚಿದರು. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹೊಲಿದ ನಮ್ಮ ಕೌದಿ, ವರ್ಷಗಟ್ಟಲೆ ಒಗೆಯದ ಕಂಬಳಿ, ಬೂರುಗದ ಹತ್ತಿಯ ದಿಂಬು ಈ ನುಸಿಗಳಿಗೆ ಅರಮನೆ. ಕೌದಿಯನ್ನು ಎಸೆಯಬೇಕಿಲ್ಲ, ಅಜ್ಜಿಯ ಕೈಹೊಲಿಗೆಯದು, ಎಸೆಯಲು ಮನಸ್ಸೂ ಬಾರದು. ವಾರಕ್ಕೊಮ್ಮೆ ಕೈ ತಾಳದಷ್ಟು ಬಿಸಿಯಾದ, ಅಂದರೆ 60 ಡಿಗ್ರಿಯ ಆಸುಪಾಸಿನ ನೀರಿನಲ್ಲಿ ನೆನೆಸಿ ಒಗೆದು, ಮಾಳಿಗೆಯ ಮೇಲಿನ ಕಟುಬಿಸಿಲಿಗೆ ಹರವಿದರೆ ನುಸಿ ಸಾಯುತ್ತದೆ. ನಮ್ಮ ಬಯಲುಸೀಮೆಗೆ ಬಿಸಿಲಿನ ಬಡತನವಿಲ್ಲ. ಆದರೆ ತುಂಗಭದ್ರೆಯ ದಡದ ಹಲವಾಗಲಿನಂಥ ಊರುಗಳಲ್ಲಿ ಮಳೆಗಾಲದ ತಿಂಗಳುಗಳು ಬೇರೆಯೇ. ಹೊಳೆಯ ತೇವ, ಗದ್ದೆಯ ತೇವ, ಗೋಡೆಗೆ ಬೂಷ್ಟು. ಆಗ ಮಗುವಿನ ಹಾಸಿಗೆಯನ್ನು ಗೋಡೆಯಿಂದ ದೂರ ಸರಿಸಿ, ಹಗಲು ಕಿಟಕಿ ತೆರೆದಿಡಬೇಕು.

ಸುಗ್ಗಿಯ ದಿನಗಳಲ್ಲಿ ಮೆಕ್ಕೆಜೋಳದ ಯಂತ್ರ ಅಂಗಳಕ್ಕೇ ಬರುತ್ತದೆ, ಚೀಲಗಳು ಮಲಗುವ ಕೋಣೆಯಲ್ಲೇ ಒಟ್ಟಲ್ಪಡುತ್ತವೆ. ಕಾಳನ್ನು ಬೇರೆ ಕೋಣೆಗೆ, ಮಗುವನ್ನು ಒಂದೆರಡು ದಿನ ಸೋದರಮಾವನ ಮನೆಗೆ ಕಳಿಸಿದರೆ ಆಸ್ಪತ್ರೆಯ ದಾರಿ ತಪ್ಪೀತು. ಹಿತ್ತಿಲಿನ ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಕೀಳಿಸುವುದೂ ಒಳ್ಳೆಯದು.

ಈಗ ಹೆತ್ತವರ ಮಾತು. ತಂದೆ ಅಥವಾ ತಾಯಿಗೆ ಉಬ್ಬಸವಿದ್ದರೆ ಮಗುವಿಗೆ ಬರುವ ಸಾಧ್ಯತೆ ಹೆಚ್ಚು, ಇಬ್ಬರಿಗೂ ಇದ್ದರೆ ಇನ್ನಷ್ಟು. ಆದರೂ ನಮ್ಮಲ್ಲಿ ದೂರು ಬೀಳುವುದು ತಾಯಿಯ ಮೇಲೆಯೇ: ಬಸುರಿಯಾಗಿದ್ದಾಗ ತಂಪು ತಿಂದಳು, ಬಾಣಂತನ ಸರಿಯಾಗಿ ಮಾಡಿಕೊಳ್ಳಲಿಲ್ಲ! ವೈದ್ಯಲೋಕವೂ ಒಮ್ಮೆ ಈ ದಾರಿ ತುಳಿದಿತ್ತು. ಅಮೆರಿಕದ ಡಾ. ಮರ್ರಿ ಪೆಶ್ಕಿನ್ ಎಂಬುವರು ಯಾವ ಔಷಧಕ್ಕೂ ಬಗ್ಗದ ಅಸ್ತಮಾ ಮಕ್ಕಳನ್ನು ಹೆತ್ತವರಿಂದ ಬಿಡಿಸಿ, ದೂರದ ಡೆನ್ವರ್ ನಗರದ ಮಕ್ಕಳ ಆಶ್ರಯಧಾಮದಲ್ಲಿ ಇರಿಸುವುದನ್ನು ಪ್ರತಿಪಾದಿಸಿದರು. ಅನೇಕ ಮಕ್ಕಳು ಚೇತರಿಸಿಕೊಂಡದ್ದೂ ಹೌದು. ಆದರೆ ಗುಣ ಕೊಟ್ಟದ್ದು ಯಾವುದು? ಹೆತ್ತವರಿಂದ ದೂರವಾದದ್ದೋ, ಮನೆಯ ಧೂಳಿನಿಂದ ದೂರವಾದದ್ದೋ? ಇದನ್ನು ತಿಳಿಯಲು ಸಂಶೋಧಕರು ಉಪಾಯವೊಂದನ್ನು ಹೂಡಿದರು. 25 ಮಕ್ಕಳನ್ನು ಅವರವರ ಮನೆಯಲ್ಲೇ ಉಳಿಸಿ, ನೋಡಿಕೊಳ್ಳಲು ಬೇರೊಬ್ಬ ಹೆಣ್ಣುಮಗಳನ್ನಿರಿಸಿ, ಮನೆಮಂದಿಯನ್ನೆಲ್ಲ ಎರಡು ವಾರ ಹೊರಗಿರಿಸಿದರು. 1969ರಲ್ಲಿ ಪ್ರಕಟವಾದ ಫಲಿತಾಂಶ ಎರಡೂ ಕಡೆಗೆ ನ್ಯಾಯ ಹೇಳಿತು: ಮನಸ್ಸಿನ ಉದ್ವೇಗವೇ ಪ್ರಧಾನವೆಂದು ಮೊದಲೇ ಗುರುತಿಸಿದ್ದ 13 ಮಕ್ಕಳ ಗುಂಪು ಸುಧಾರಿಸಿತು, ಉಳಿದವರಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಇನ್ನೊಂದು ವಿಶೇಷವೆಂದರೆ, ಅದೇ ಡೆನ್ವರ್ ಸಂಸ್ಥೆಯಲ್ಲಿಯೇ ಜಪಾನಿನ ಇಶಿಝಾಕಾ ದಂಪತಿಗಳು 1966ರಲ್ಲಿ ಅಲರ್ಜಿಗೆ ಮೂಲವಾದ ಐಜಿಇ ಎಂಬ ರಕ್ತದ ಅಂಶವನ್ನು ಕಂಡುಹಿಡಿದರು.

ಆದ್ದರಿಂದ ತಾಯಿಯನ್ನು ಹಳಿಯುವುದು ಶಾಸ್ತ್ರವೂ ಅಲ್ಲ, ಧರ್ಮವೂ ಅಲ್ಲ. ಆದರೆ ಮನೆಯಲ್ಲಿ ನಿತ್ಯ ಜಗಳ, ಕುಡಿತ, ಏರುದನಿ ಇದ್ದರೆ ಮಗುವಿನ ಉಸಿರು ಬಿಗಿಯುವುದು ಸುಳ್ಳಲ್ಲ. ಅತಿಯಾದ ಕಕ್ಕುಲಾತಿಯೂ ಹಾನಿಯೇ. ಬಾಳೆಹಣ್ಣು ಬೇಡ, ಮೊಸರು ಬೇಡ, ಆಟ ಬೇಡ ಎಂದು ಮೂಲೆಯಲ್ಲಿ ಕೂರಿಸಿದ ಮಗು ಸೊರಗುತ್ತದೆ. ತಿಂದೊಡನೆ ತೊಂದರೆಯಾದದ್ದು ಖಚಿತವಾಗಿದ್ದರೆ ಮಾತ್ರ ಆ ಪದಾರ್ಥ ಬಿಡಿಸಬೇಕು. ಹತೋಟಿಯಲ್ಲಿರುವ ಉಬ್ಬಸದ ಮಗು ಓಡಬಹುದು, ಕಬಡ್ಡಿಯನ್ನೂ ಆಡಬಹುದು.

ಇನ್ಹೇಲರಿನ ಬಗೆಗಿನ ಭಯ ಎಲ್ಲಕ್ಕಿಂತ ದೊಡ್ಡದು. ‘ಚಟವಾಗುತ್ತದೆ’, ‘ಅದು ಕೊನೆಯ ಔಷಧ’ ಎಂಬ ಮಾತಿಗೆ ಆಧಾರವಿಲ್ಲ. ಮಾತ್ರೆಯಾಗಿ ನುಂಗಿಸುವ ಸ್ಟೀರಾಯ್ಡಿನ ಅಳತೆ ಮಿಲಿಗ್ರಾಮುಗಳಲ್ಲಿದ್ದರೆ, ಸೇದುವ ಔಷಧದ್ದು ಅದರ ಸಾವಿರದ ಒಂದು ಪಾಲಾದ ಮೈಕ್ರೋಗ್ರಾಮುಗಳಲ್ಲಿ. ಅದೂ ನೇರವಾಗಿ ಶ್ವಾಸನಾಳಕ್ಕೇ ಸೇರುತ್ತದೆ. ಹೆಣ್ಣುಮಗುವಾದರೆ ನಾಳೆ ಸಂಬಂಧ ಕೂಡಿಬಾರದೆಂದು ಇನ್ಹೇಲರನ್ನು ಟ್ರಂಕಿನಲ್ಲಿ ಬಚ್ಚಿಡುವ ಮನೆಗಳೂ ಇವೆ. ಆ ಅಂಜಿಕೆಗೆ ಮಗಳು ರಾತ್ರಿಯೆಲ್ಲ ಕುಳಿತು ಉಸಿರೆಳೆಯುವ ಬೆಲೆ ತೆರುತ್ತಾಳೆ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ನೂರಕ್ಕೆ ಸುಮಾರು 13 ಮಂದಿ ಭಾರತದವರು. ಆದರೆ 2019ರ ಜಾಗತಿಕ ಅಂದಾಜಿನಂತೆ ಅಸ್ತಮಾ ಸಾವುಗಳಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ನಮ್ಮವು. ನಿತ್ಯದ ತಡೆ ಔಷಧವನ್ನು, ಮಗು ಚೆನ್ನಾಗಿದೆಯೆಂದು ನಡುವೆಯೇ ನಿಲ್ಲಿಸುವುದು ಇದಕ್ಕೊಂದು ಕಾರಣ. ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಸೇದಿದ ಮೇಲೆ ಬಾಯಿ ಮುಕ್ಕಳಿಸಬೇಕು.

ಮಕ್ಕಳು ಇನ್ಹೇಲರನ್ನು ‘ಸ್ಪೇಸರ್’ ಕೊಳವೆಯ ಮೂಲಕವೇ ಸೇದಬೇಕು. ಅದಿಲ್ಲದ ಹೊತ್ತಿಗೆ 500 ಮಿ.ಲೀ. ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಇನ್ಹೇಲರಿನ ಬಾಯಿ ಬಿಗಿಯಾಗಿ ಕೂರುವಷ್ಟು ರಂಧ್ರ ಮಾಡಿದರೂ ಕೆಲಸ ನಡೆಯುತ್ತದೆ. ದಕ್ಷಿಣ ಆಫ್ರಿಕದ ವೈದ್ಯರು 1999ರಲ್ಲಿ ಇದನ್ನು ಪರೀಕ್ಷಿಸಿ ತೋರಿಸಿದ್ದಾರೆ. ಬಾಟಲಿ ತೊಳೆದು ಒಣಗಿರಬೇಕು. ಒಂದು ಸಲ ಒತ್ತಿ, ಮಗು ಐದಾರು ಉಸಿರು ಎಳೆದ ಮೇಲೆಯೇ ಮತ್ತೊಂದು ಸಲ ಒತ್ತಬೇಕು.

ಪಕ್ಕೆಲುಬಿನ ಸಂದುಗಳು ಒಳಗೆ ಸೆಳೆಯುತ್ತಿದ್ದರೆ, ಮಗು ಒಂದು ವಾಕ್ಯವನ್ನೂ ಪೂರ್ತಿ ಆಡಲಾರದಿದ್ದರೆ, ಹಸುಗೂಸು ಮೊಲೆಹಾಲು ಬಿಟ್ಟಿದ್ದರೆ, ತುಟಿ ನೀಲಿಗಟ್ಟಿದರೆ ಬೆಳಗಾಗಲೆಂದು ಕಾಯಬಾರದು. ಮಗುವನ್ನು ಮಲಗಿಸದೆ ಕುಳ್ಳಿರಿಸಿ, ವೈದ್ಯರು ಬರೆದುಕೊಟ್ಟಿರುವ ತಕ್ಷಣದ ಉಪಶಮನದ ಇನ್ಹೇಲರನ್ನು ಕೊಡುತ್ತಲೇ 108ಕ್ಕೆ ಕರೆಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೊರಡಬೇಕು. ಸದ್ದು ಮಾಡುತ್ತಿದ್ದ ಎದೆ ಒಮ್ಮೆಲೆ ನಿಶ್ಶಬ್ದವಾಗಿ ಮಗು ಮಂಪರಾದರೆ ಅದು ಆರಾಮದ ನಿದ್ದೆಯಲ್ಲ. ದಾರಿಯಲ್ಲಿಯೂ ಅದನ್ನು ಕುಳ್ಳಿರಿಸಿಕೊಂಡೇ ಕರೆದೊಯ್ಯಬೇಕು.