ಬಾಯಿ ಹುಣ್ಣಿಗೆ ಅಂಜಿ ಚಿಕಿತ್ಸೆ ಬಿಡಬೇಡಿ

ಅಡಿಕೆ ಬೆಳೆಗಾರರಾದ ನಮಗೆ ಬಾಯಿಯ ಕ್ಯಾನ್ಸರ್ ದೂರದ ಮಾತಲ್ಲ. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂಬ ತೀರ್ಮಾನವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಮಾತು ಕಹಿಯಾದರೂ ಮರೆಯುವಂತಿಲ್ಲ.

ಚಿಕಿತ್ಸೆ ಈಗ ಹತ್ತಿರವೇ ಇದೆ. ಬೆಳಗಾವಿಯ ಕೆ.ಎಲ್.ಇ. ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು 2025ರ ಜನವರಿ 3ರಂದು ಉದ್ಘಾಟಿಸಿದರು. ಆದರೆ ಜನ 'ಕರೆಂಟು' ಎನ್ನುವ ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6-7 ವಾರ ನಡೆಯುತ್ತದೆ. ಎರಡು-ಮೂರು ವಾರ ಕಳೆಯುವಷ್ಟರಲ್ಲಿ ಬಾಯೆಲ್ಲ ಹುಣ್ಣಾಗಿ ನೀರು ನುಂಗುವುದೂ ಕಷ್ಟವಾಗುತ್ತದೆ. ಆಗ ರೋಗಿ ಬೇಸತ್ತು ಖಾನಾಪುರದ ಕಡೆಯ ಹಳ್ಳಿಗೆ ಮರಳಿದರೆ, ನಡುವೆ ನಿಂತ ಚಿಕಿತ್ಸೆಯಿಂದ ಗುಣವಾಗುವ ಸಂಭವ ಕುಗ್ಗುತ್ತದೆ.

ಬಾಯಿಯ ಒಳಪೊರೆಯ ಜೀವಕೋಶಗಳು ಬೇಗಬೇಗ ಹೊಸದಾಗುವಂಥವು. ಚಿಕಿತ್ಸೆಯ ಪೆಟ್ಟು ಅವಕ್ಕೂ ತಗಲುವುದರಿಂದ ಹುಣ್ಣಾಗುತ್ತದೆ. ಇದು ರೋಗ ಹೆಚ್ಚಿದ ಗುರುತಲ್ಲ. ಚಿಕಿತ್ಸೆ ಮುಗಿದ ಮೇಲೆ ಕೆಲವು ವಾರಗಳಲ್ಲಿ ಬಹುತೇಕ ಮಾಯುತ್ತದೆ.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟು:

1. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 1 ಚಹಾ ಚಮಚ ಉಪ್ಪು, 1 ಚಹಾ ಚಮಚ ಅಡುಗೆ ಸೋಡಾ ಕರಗಿಸಿ, ಊಟದ ನಂತರ ಹಾಗೂ 4 ಗಂಟೆಗೊಮ್ಮೆ ಬಾಯಿ ಮುಕ್ಕಳಿಸಬೇಕು. ನುಂಗಬಾರದು. ದಿನವೂ ಹೊಸದಾಗಿ ಮಾಡಿಕೊಳ್ಳಬೇಕು.

2. ಮೆತ್ತನೆಯ ಬ್ರಷ್ ಬಳಸಬೇಕು. ಮದ್ಯಸಾರ ಬೆರೆತ ಬಾಯಿ ತೊಳೆಯುವ ಔಷಧ ಉರಿ ಹೆಚ್ಚಿಸುತ್ತದೆ.

3. ಗಂಜಿ, ಹಾಲನ್ನ, ನುಣ್ಣಗೆ ಅರೆದ ಬೇಳೆ, ಬೆಂದ ಮೊಟ್ಟೆ ಕೊಡಬೇಕು. ಖಾರ, ಹುಳಿ ಮಜ್ಜಿಗೆ, ಗಟ್ಟಿ ರೊಟ್ಟಿ ಬೇಡ. ಕಾಫಿ ಬೇಕೆಂದರೆ ಆರಿಸಿ ಕೊಡಿ.

4. ಎಲೆ-ಅಡಿಕೆ, ತಂಬಾಕು, ಬೀಡಿ, ಮದ್ಯ ಪೂರ್ಣ ನಿಲ್ಲಬೇಕು.

ನೋವು ಕಚ್ಚಿಕೊಂಡು ಕೂಡುವುದು ಶೌರ್ಯವಲ್ಲ. ನೋವಿನ ಮಾತ್ರೆ, ಬಾಯಿ ಮರಗಟ್ಟಿಸುವ ದ್ರಾವಣ, ಅಗತ್ಯವಾದರೆ ಮಾರ್ಫಿನ್ ಸಹ ವೈದ್ಯರ ಬಳಿ ಇವೆ. ಊಟಕ್ಕೆ ಮುಂಚೆ ಔಷಧ ತೆಗೆದುಕೊಂಡರೆ ನಾಲ್ಕು ತುತ್ತು ಹೆಚ್ಚು ಇಳಿಯುತ್ತದೆ. ಕೆಲವು ಕಿಮೋ ಔಷಧಗಳಿಗೆ ಐಸ್ ಚೂರು ಚೀಪುವುದರಿಂದ ಹುಣ್ಣು ಕಡಿಮೆಯಾಗುತ್ತದೆ. ನಿಮ್ಮ ಔಷಧಕ್ಕೆ ಇದು ಹೊಂದುವುದೇ ಎಂದು ಕೇಳಿಕೊಳ್ಳಿ.

ಜ್ವರ 100.4 ಡಿಗ್ರಿ ಮುಟ್ಟಿದರೆ, ರಕ್ತ ಸುರಿದರೆ, ನೀರೂ ಇಳಿಯದಿದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಬಾಯಲ್ಲಿ ಬಿಳಿ ಪದರ ಕಂಡರೆ ಶಿಲೀಂಧ್ರದ ಸೋಂಕಿರಬಹುದು. ಅದಕ್ಕೂ ಔಷಧವಿದೆ.

ಕೊಯ್ಲಿನ ಕಾಲದಲ್ಲಿ ಮನೆಯವರಿಗೆ ಪುರುಸೊತ್ತು ಸಿಗುವುದಿಲ್ಲ. ಅಂಥ ಮನೆಯ ರೋಗಿಯನ್ನು ಬೆಳಗಾವಿಗೆ ಕರೆದೊಯ್ಯಲು ನೆರೆಯ ಸದಸ್ಯರು ಸರದಿಯಂತೆ ನೆರವಾಗಬೇಕೆಂದು ವಿನಂತಿ. ಒಂದು ಗೊನೆ ತಡವಾಗಿ ಇಳಿದರೆ ನಡೆದೀತು, ಚಿಕಿತ್ಸೆಯ ಒಂದು ದಿನವೂ ತಪ್ಪಬಾರದು.