ಮನೆಯಲ್ಲಿದ್ದು ಛಾಯಾಗ್ರಹಣವನ್ನು ಕಲಿಯುವವರಿಗೆ

ವಿದ್ಯೆಯನ್ನು ಕಲಿಯುವುದು ಕಷ್ಟ. ಕಲಿಸುವವರನ್ನು ಆರಿಸಿಕೊಳ್ಳುವುದು ಅದಕ್ಕಿಂತಲೂ ಕಷ್ಟ. ಗುರುವು ಎದುರಿಗೆ ಕುಳಿತಿರುವಾಗಲೇ ಈ ಮಾತು ನಿಜವಾದರೆ, ಮುಖವನ್ನೇ ಕಾಣದ ಗುರುವಿಗೆ ಹಣವನ್ನು ಮುಂಗಡವಾಗಿ ಕಳುಹಿಸಿ ಪಾಠ ಕಲಿಯಬೇಕೆನ್ನುವವರಿಗೆ ಎಷ್ಟು ಎಚ್ಚರಿಕೆ ಬೇಕೆಂಬುದನ್ನು ಹೇಳಬೇಕಾಗಿಲ್ಲ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯು ದೂರಶಿಕ್ಷಣಕ್ಕೂ ಚೆನ್ನಾಗಿ ಒಪ್ಪುತ್ತದೆ. ಛಾಯಾಗ್ರಹಣವನ್ನು ಹೊಸದಾಗಿ ಕಲಿಯಬೇಕೆಂದಿರುವವರು ಅಂತಹ ಪಾಠಕ್ರಮವೊಂದನ್ನು ಆರಿಸಿಕೊಳ್ಳುವ ಬಗೆಯನ್ನು ಕುರಿತು ಇಲ್ಲಿ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ.

೧೮೩೯ರಲ್ಲಿ ಪ್ಯಾರಿಸ್ ನಗರದಲ್ಲಿ ಡಾಗೇರ್ ಎಂಬಾತನ ವಿಧಾನವು ಪ್ರಕಟವಾದಂದಿನಿಂದ ಬಹುಕಾಲದವರೆಗೆ ಈ ಕಲೆಯು ಸಿರಿವಂತರ ಹವ್ಯಾಸವೂ ಕೆಲವರ ಕಸುಬೂ ಆಗಿದ್ದಿತು. ಫಿಲ್ಮಿನ ಬೆಲೆ, ಅದನ್ನು ತೊಳೆಯಿಸುವ ಖರ್ಚು, ಕ್ಯಾಮರಾದ ಬೆಲೆ ಇವೆಲ್ಲವೂ ಸಾಮಾನ್ಯ ಸಂಸಾರಿಗಳನ್ನು ದೂರವಿಟ್ಟಿದ್ದವು. ಈಗಲಾದರೋ ಜೇಬಿನ ಫೋನಿನಲ್ಲಿಯೇ ಕ್ಯಾಮರಾ ಇರುವುದು. ಚಿತ್ರವೊಂದಕ್ಕೆ ಕಾಸಿನ ಖರ್ಚೂ ಇಲ್ಲ. ಚಿತ್ರ ತೆಗೆಯುವವರು ಮನೆಮನೆಗೂ ಇದ್ದಾರೆ. ಆದರೆ ಚೆನ್ನಾಗಿ ತೆಗೆಯುವವರು ಕೆಲವರೇ. ಆದಕಾರಣ ಕ್ರಮವಾಗಿ ಕಲಿಯಬೇಕೆಂಬ ಆಸೆಯು ಕಾಲೇಜಿನ ಹುಡುಗನಲ್ಲಿಯೂ, ಮನೆಗೆಲಸದ ನಡುವೆ ಒಂದು ಗಂಟೆಯ ಬಿಡುವನ್ನು ಉಳಿಸಿಕೊಂಡ ಗೃಹಿಣಿಯಲ್ಲಿಯೂ, ನಿವೃತ್ತರಾದ ಹಿರಿಯರಲ್ಲಿಯೂ ಹುಟ್ಟುತ್ತಿರುವುದು ಸಹಜವೇ. ಊರಿನಲ್ಲಿ ಇಂತಹ ಶಾಲೆಯಿಲ್ಲ. ದೂರದ ಪಟ್ಟಣಕ್ಕೆ ಹೋಗಿ ಇರುವಂತಿಲ್ಲ. ಹೀಗಿರಲು ಜಾಹೀರಾತುಗಳತ್ತ ದೃಷ್ಟಿ ಹೊರಳುತ್ತದೆ. ಕೆಲವು ಪಾಠಕ್ರಮಗಳಿಗೆ ಶುಲ್ಕವೇ ಇಲ್ಲ. ಮತ್ತೆ ಕೆಲವಕ್ಕೆ ಒಂದು ಸಂಸಾರದ ಹಲವು ತಿಂಗಳ ಖರ್ಚಿನಷ್ಟು ಶುಲ್ಕ. ಆಯ್ಕೆಯು ತಪ್ಪಿದರೆ ಹಣವು ಹೋಗುವುದು ಮಾತ್ರವಲ್ಲ, ಕಲಿಯುವವನು ತನಗೆ ಈ ವಿದ್ಯೆ ಒಲಿಯದೆಂದು ನಂಬಿ ಕೈಬಿಟ್ಟುಬಿಡುವನು. ಹಣವನ್ನು ಮತ್ತೆ ಗಳಿಸಬಹುದು. ಮುರಿದ ಉತ್ಸಾಹವನ್ನು ಕೂಡಿಸುವುದು ಸುಲಭವಲ್ಲ.

ದೂರದಿಂದ ಕಲಿಸುವ ಪದ್ಧತಿಯು ಹೊಸದೇನೂ ಅಲ್ಲ. ಇಂಗ್ಲೆಂಡಿನಲ್ಲಿ ಐಸಾಕ್ ಪಿಟ್ಮನ್ನನು ೧೮೪೦ರಲ್ಲಿಯೇ ಅಂಚೆಯ ಮೂಲಕ ಶೀಘ್ರಲಿಪಿಯನ್ನು ಕಲಿಸತೊಡಗಿದನು. ವಿದ್ಯಾರ್ಥಿಗಳು ಬರೆದು ಕಳುಹಿಸಿದುದನ್ನು ತಿದ್ದಿ ಹಿಂದಿರುಗಿಸುವುದೇ ಆತನ ಪಾಠದ ಜೀವವಾಗಿದ್ದಿತು. ಛಾಯಾಗ್ರಹಣಕ್ಕೆ ಮೀಸಲಾದ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಫೋಟೋಗ್ರಫಿಯು ೧೯೧೦ರಲ್ಲಿ ಸ್ಥಾಪಿತವಾಗಿ, ಅಂಚೆಯ ಪಾಠಗಳಿಂದ ಹೆಸರು ಪಡೆಯಿತು. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ೧೯೬೯ರಲ್ಲಿ ಅಂಚೆಯ ಶಿಕ್ಷಣವನ್ನು ಪ್ರಾರಂಭಿಸಿತು. ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಹುಟ್ಟಿತು. ಅಂಚೆಯ ಜಾಗಕ್ಕೆ ಈಗ ಅಂತರಜಾಲವು ಬಂದಿರುವುದಾದರೂ, ಪಿಟ್ಮನ್ನನ ಕಾಲದಲ್ಲಿ ಯಾವುದು ಸಾರವಾಗಿದ್ದಿತೋ ಇಂದಿಗೂ ಅದೇ ಸಾರ.

ಇದನ್ನು ತುಸು ಬಿಡಿಸಿ ಹೇಳುವೆವು. ಪಾಠಗಳು ಇಂದು ದುರ್ಲಭವಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಮಾರ್ಕ್ ಲೆವಾಯ್ ಎಂಬುವರು ಡಿಜಿಟಲ್ ಛಾಯಾಗ್ರಹಣವನ್ನು ಕುರಿತ ತಮ್ಮ ಹದಿನೆಂಟು ಉಪನ್ಯಾಸಗಳನ್ನು ೨೦೧೬ರಲ್ಲಿ ಎಲ್ಲರಿಗೂ ಉಚಿತವಾಗಿ ಅಂತರಜಾಲದಲ್ಲಿ ಒದಗಿಸಿದರು. ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯವು ಅದೇ ವರ್ಷ ಛಾಯಾಚಿತ್ರಗಳನ್ನು ನೋಡುವ ಬಗೆಯನ್ನು ಕಲಿಸುವ ಪಾಠಕ್ರಮವನ್ನು ಪ್ರಾರಂಭಿಸಿತು. ಪಾಠವೇ ಬೇಕಾಗಿದ್ದರೆ ಹಣವನ್ನೇಕೆ ಕೊಡಬೇಕು? ಹಣವನ್ನು ಕೊಡಬೇಕಾದುದು ಬೇರೊಂದಕ್ಕೆ. ನಾವು ತೆಗೆದ ಚಿತ್ರವನ್ನು ಬಲ್ಲವರೊಬ್ಬರು ನಿಧಾನವಾಗಿ ನೋಡಿ, ಅದರಲ್ಲಿ ಏನು ಕೆಟ್ಟಿದೆ, ಏಕೆ ಕೆಟ್ಟಿದೆ, ಮುಂದಿನ ಸಲ ಏನು ಮಾಡಬೇಕೆಂದು ತಿಳಿಸುವುದಕ್ಕಾಗಿ.

ಸಂಗೀತ ಕಲಿಯುವವರ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಸರಳೆ ವರಸೆಗಳು ಪುಸ್ತಕದಲ್ಲಿ ಅಚ್ಚಾಗಿವೆ. ಆದರೂ ಮಗುವನ್ನು ಮೇಷ್ಟರ ಮುಂದೆ ಕೂಡಿಸುವೆವು. ಶ್ರುತಿ ತಪ್ಪಿದುದು ಹಾಡುವವರ ಕಿವಿಗೆ ಮೊದಮೊದಲು ತಿಳಿಯುವುದಿಲ್ಲ. ಚಿತ್ರದ ವಿಷಯದಲ್ಲಿಯೂ ಹಾಗೆಯೇ. ತಾಯಿಯು ತನ್ನ ಮಗುವಿನ ಚಿತ್ರವನ್ನು ತೆಗೆದಾಗ ಆಕೆಯು ಕಾಣುವುದು ಮಗುವಿನ ನಗುವನ್ನು. ಮಗುವಿನ ತಲೆಯಿಂದಲೇ ಮೂಡಿದಂತೆ ಹಿಂದೆ ನಿಂತಿರುವ ವಿದ್ಯುತ್ ಕಂಬವು ಆಕೆಯ ಕಣ್ಣಿಗೆ ಬೀಳುವುದಿಲ್ಲ. ತೆಗೆದವನು ಚಿತ್ರದಲ್ಲಿ ತನ್ನ ನೆನಪನ್ನು ನೋಡುತ್ತಾನೆ. ಇತರರು ಚಿತ್ರದಲ್ಲಿರುವುದನ್ನಷ್ಟೇ ನೋಡುತ್ತಾರೆ. ಆದ್ದರಿಂದಲೇ ಎರಡನೆಯವರ ಕಣ್ಣು ಅವಶ್ಯವಾದುದು.

ಹಾಗಾದರೆ ಮೊದಲನೆಯ ಪರೀಕ್ಷೆಯು ಸ್ಪಷ್ಟವಾಯಿತು. ಪಾಠಕ್ರಮದ ವಿವರಣಪತ್ರಿಕೆಯನ್ನು ಓದುವಾಗ ಎಷ್ಟು ಗಂಟೆಗಳ ಪಾಠವೆಂದು ಎಣಿಸುವುದಕ್ಕೆ ಮೊದಲು, ನಮ್ಮ ಎಷ್ಟು ಚಿತ್ರಗಳನ್ನು ತಿದ್ದುವರೆಂದು ಎಣಿಸಬೇಕು. ತಿದ್ದುವವರು ಯಾರು? ಅವರು ತೆಗೆದ ಚಿತ್ರಗಳನ್ನು ನೋಡಬಹುದೇ? ಉತ್ತರವು ಎಷ್ಟು ದಿನಗಳಲ್ಲಿ ಬರುವುದು? ತಿದ್ದಿದ ಮೇಲೆ ಅದೇ ಅಭ್ಯಾಸವನ್ನು ಮತ್ತೆ ಮಾಡಿ ಕಳುಹಿಸಲು ಅವಕಾಶವಿದೆಯೇ? ಅಥವಾ ವಿದ್ಯಾರ್ಥಿಗಳೇ ಒಬ್ಬರ ಚಿತ್ರವನ್ನೊಬ್ಬರು ನೋಡಿ ಅಭಿಪ್ರಾಯ ಹೇಳುವುದನ್ನೇ ತಿದ್ದುಪಡಿಯೆಂದು ಕರೆದಿರುವರೇ? ಸಹಪಾಠಿಗಳ ಅಭಿಪ್ರಾಯದಿಂದ ಪ್ರಯೋಜನವಿಲ್ಲವೆಂದಲ್ಲ. ಅದು ಉಚಿತವಾಗಿ ದೊರೆಯತಕ್ಕದ್ದು, ಅದಕ್ಕೆ ದೊಡ್ಡ ಶುಲ್ಕವನ್ನು ತೆರಬೇಕಾಗಿಲ್ಲ.

ತಿದ್ದುಪಡಿಯ ಮಾದರಿಯೊಂದನ್ನು ಮೊದಲೇ ಕೇಳಿ ತರಿಸಿಕೊಳ್ಳುವುದು ಉತ್ತಮ. ಪ್ರಾಮಾಣಿಕರು ಇದಕ್ಕೆ ಹಿಂಜರಿಯುವುದಿಲ್ಲ. ಚೆನ್ನಾಗಿದೆ, ಹೀಗೆಯೇ ಮುಂದುವರಿಸಿರಿ ಎಂದು ಒಂದೇ ಸಾಲು ಬರೆದಿದ್ದರೆ ಅದು ತಿದ್ದುಪಡಿಯಲ್ಲ, ಬೆನ್ನು ತಟ್ಟುವುದಷ್ಟೆ. ಅಜ್ಜಿಯ ಮುಖದ ಬಲಭಾಗವು ಕಿಟಕಿಯ ಬೆಳಕಿನಿಂದ ಬೆಳ್ಳಗಾಗಿ ಸುಕ್ಕುಗಳು ಅಳಿಸಿಹೋಗಿವೆ. ಆಕೆಯನ್ನು ಕಿಟಕಿಯಿಂದ ಎರಡು ಹೆಜ್ಜೆ ಹಿಂದಕ್ಕೆ ಕೂಡಿಸಿ, ಎಡಗಡೆಗೆ ಬಿಳಿಯ ಪಂಚೆಯೊಂದನ್ನು ಹರಡಿ, ಬೆಳಗ್ಗೆ ಎಂಟು ಗಂಟೆಗೆ ಮತ್ತೊಮ್ಮೆ ತೆಗೆದು ಕಳುಹಿಸಿರಿ ಎಂದು ಬರೆದಿದ್ದರೆ ಅದು ಗುರುವಿನ ಮಾತು. ಮೊದಲನೆಯದನ್ನು ಯಾವ ಚಿತ್ರಕ್ಕಾದರೂ ಅಂಟಿಸಬಹುದು. ಎರಡನೆಯದು ಆ ಒಂದು ಚಿತ್ರಕ್ಕಲ್ಲದೆ ಮತ್ತಾವುದಕ್ಕೂ ಹೊಂದುವುದಿಲ್ಲ. ಇದಕ್ಕಿಂತ ಒಳ್ಳೆಯ ಒರೆಗಲ್ಲನ್ನು ನಾವು ಕಾಣೆವು.

ದೊಡ್ಡ ಹೆಸರುಗಳಿಗೆ ಮರುಳಾಗಬಾರದೆಂಬುದು ಎರಡನೆಯ ಮಾತು. ಅಮೆರಿಕಾ ದೇಶದಲ್ಲಿ ಕಳೆದ ಶತಮಾನದ ನಡುವಿನಲ್ಲಿ ಪ್ರಸಿದ್ಧ ಚಿತ್ರಕಾರರ ಶಾಲೆ, ಪ್ರಸಿದ್ಧ ಲೇಖಕರ ಶಾಲೆ, ಪ್ರಸಿದ್ಧ ಛಾಯಾಗ್ರಾಹಕರ ಶಾಲೆ ಎಂದು ಮೂರು ಅಂಚೆಯ ಶಾಲೆಗಳು ಒಂದೇ ಸಂಸ್ಥೆಯ ಆಶ್ರಯದಲ್ಲಿ ನಡೆಯುತ್ತಿದ್ದವು. ಛಾಯಾಗ್ರಾಹಕರ ಶಾಲೆಯ ಪ್ರಕಟಣೆಗಳಲ್ಲಿ ರಿಚರ್ಡ್ ಆವೆಡನ್, ಇರ್ವಿಂಗ್ ಪೆನ್ ಮುಂತಾದ ಮಹಾಕಲಾವಿದರ ಹೆಸರುಗಳು ಮೆರೆಯುತ್ತಿದ್ದವು. ೧೯೭೦ರಲ್ಲಿ ಜೆಸಿಕಾ ಮಿಟ್‌ಫರ್ಡ್ ಎಂಬ ಲೇಖಕಿಯು ಅಟ್ಲಾಂಟಿಕ್ ಎಂಬ ಮಾಸಪತ್ರಿಕೆಯಲ್ಲಿ ಲೇಖಕರ ಶಾಲೆಯ ವಿಚಾರವನ್ನು ಬಯಲಿಗೆಳೆದಳು. ಜಾಹೀರಾತಿನಲ್ಲಿದ್ದ ಪ್ರಸಿದ್ಧರು ವಿದ್ಯಾರ್ಥಿಗಳ ಬರವಣಿಗೆಯನ್ನು ತಿದ್ದುತ್ತಿರಲಿಲ್ಲ. ತಿದ್ದುತ್ತಿದ್ದವರು ಹೆಸರಿಲ್ಲದ ಬೇರೆ ಉಪಾಧ್ಯಾಯರು. ಎರಡು ವರ್ಷಗಳೊಳಗಾಗಿ, ೧೯೭೨ರಲ್ಲಿ, ಆ ಸಂಸ್ಥೆಯು ದಿವಾಳಿಯೆದ್ದಿತು. ಇಂದಿಗೂ ಪ್ರಖ್ಯಾತರ ಮುಖವನ್ನು ಮುಂದಿಟ್ಟುಕೊಂಡು ಮಾರುವ ಪಾಠಗಳುಂಟು. ಅವರ ಉಪನ್ಯಾಸವನ್ನು ಕೇಳುವುದು ಸಂತೋಷವೇ ಸರಿ. ಆದರೆ ನಮ್ಮ ಚಿತ್ರವನ್ನು ಅವರು ನೋಡುವರೆಂದು ಬರೆದು ಕೊಟ್ಟಿರದಿದ್ದರೆ ನೋಡುವುದಿಲ್ಲವೆಂದೇ ತಿಳಿಯತಕ್ಕದ್ದು.

ಮೂರನೆಯದು ಕಾಲದ ಮಾತು. ಹಾರ್ವರ್ಡ್ ವಿಶ್ವವಿದ್ಯಾನಿಲಯವೂ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯೂ ಅಂತರಜಾಲದಲ್ಲಿ ನಡೆಸಿದ ನಾನಾ ವಿಷಯಗಳ ಪಾಠಕ್ರಮಗಳನ್ನು ಪರಿಶೀಲಿಸಿ ೨೦೧೯ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಂತೆ, ೨೦೧೭–೧೮ರಲ್ಲಿ ಸೇರಿದವರ ಪೈಕಿ ಕೊನೆಮುಟ್ಟಿಸಿದವರು ನೂರಕ್ಕೆ ಸುಮಾರು ಮೂವರು ಮಾತ್ರ. ಹಣ ತೆತ್ತು ಪ್ರಮಾಣಪತ್ರಕ್ಕಾಗಿ ಸೇರಿದವರಲ್ಲಿಯೂ ಮುಗಿಸಿದವರು ನೂರಕ್ಕೆ ೪೬ ಮಂದಿ. ಮೊದಲ ವಾರದ ಉತ್ಸಾಹವು ಮೂರನೆಯ ತಿಂಗಳಿಗೆ ಉಳಿಯುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದುದರಿಂದ ಬೇಕಾದಾಗ ನೋಡಿಕೊಳ್ಳಬಹುದೆನ್ನುವ ಪಾಠಕ್ಕಿಂತ, ಇಂತಹ ದಿನದೊಳಗಾಗಿ ಇಂತಹ ಚಿತ್ರವನ್ನು ಕಳುಹಿಸಬೇಕೆಂದು ಗೊತ್ತುಪಡಿಸುವ ಪಾಠವು ಹೊಸಬರಿಗೆ ಮೇಲು. ಮನೆಯವರೂ ಇದಕ್ಕೆ ಸಹಾಯಕರಾಗಬೇಕು. ವಾರದಲ್ಲಿ ನಾಲ್ಕು ಗಂಟೆಗಳನ್ನು ಮನೆಯ ಗೃಹಿಣಿಗೆ ನಿಜವಾಗಿ ಬಿಟ್ಟುಕೊಡದೆ, ಶುಲ್ಕವನ್ನು ಮಾತ್ರ ಕಟ್ಟಿ ಉಪಕಾರಮಾಡಿದೆವೆಂದುಕೊಳ್ಳುವುದು ತರವಲ್ಲ.

ನಾಲ್ಕನೆಯದು ಶುಲ್ಕ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಇಲ್ಲಿಯೂ ಸಲ್ಲುವ ಮಾತೇ. ಪೂರ್ತಿ ಹಣವನ್ನು ಒಮ್ಮೆಗೇ ಕೇಳುವವರಿಗಿಂತ ಭಾಗಭಾಗವಾಗಿ ಪಡೆಯುವವರು ಲೇಸು. ನಡುವೆ ಬಿಟ್ಟರೆ ಎಷ್ಟು ಹಣವು ಹಿಂದಿರುಗುವುದು, ಎಷ್ಟು ದಿನಗಳೊಳಗೆ ಕೇಳಬೇಕು ಎಂಬುದನ್ನು ಬರಹದಲ್ಲಿ ಪಡೆದಿರಬೇಕು. ಇಂದೇ ಸೇರಿದರೆ ಅರ್ಧ ಬೆಲೆ, ನಾಳೆ ಇಲ್ಲ ಎಂದು ಅವಸರಪಡಿಸುವವರ ಬಳಿ ಅವಸರಪಡದಿರುವುದೇ ವಿವೇಕ. ಸೇರುವ ಮೊದಲು ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿ ನೋಡಿರಿ. ಹಣವು ಕೈಗೆ ಬರುವುದಕ್ಕೆ ಮುಂಚೆಯೇ ಉತ್ತರ ಕೊಡದವರು ಬಂದ ಮೇಲೆ ಕೊಡುವರೆಂಬ ಭರವಸೆಯೇನು?

ಪ್ರಮಾಣಪತ್ರದ ವಿಷಯದಲ್ಲಿ ಎರಡು ಮಾತು. ಪದವಿಯನ್ನೋ ಡಿಪ್ಲೊಮಾವನ್ನೋ ಪಡೆದು ಉದ್ಯೋಗಕ್ಕೆ ಅರ್ಜಿ ಹಾಕಬೇಕೆನ್ನುವವರು, ಸಂಸ್ಥೆಗೆ ಆ ವರ್ಷದ ಮಾನ್ಯತೆಯು ಇದೆಯೇ ಎಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಪಟ್ಟಿಯಲ್ಲಿ ತಾವೇ ನೋಡಿಕೊಳ್ಳಬೇಕು. ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯಕ್ಕೇ ೨೦೧೨–೧೩ರ ಅನಂತರ ಮಾನ್ಯತೆಯಿಲ್ಲವೆಂದು ಆಯೋಗವು ೨೦೧೫ರಲ್ಲಿ ಪ್ರಕಟಿಸಿದಾಗ ಅಸಂಖ್ಯ ವಿದ್ಯಾರ್ಥಿಗಳು ಕಳವಳಕ್ಕೆ ಒಳಗಾದರು. ೨೦೧೮ರಲ್ಲಿ ಮಾನ್ಯತೆಯು ಮರಳಿ ದೊರೆಯುವವರೆಗೆ ಅವರು ಪಟ್ಟ ಪಾಡು ಸಾಮಾನ್ಯವಲ್ಲ. ಇನ್ನು, ಮದುವೆಯ ಚಿತ್ರಗಳನ್ನು ತೆಗೆದು ಜೀವನ ನಡೆಸಬೇಕೆನ್ನುವವನಿಗೆ ಯೋಗ್ಯತಾಪತ್ರಕ್ಕಿಂತ ತಾನು ತೆಗೆದ ಇಪ್ಪತ್ತು ಒಳ್ಳೆಯ ಚಿತ್ರಗಳೇ ಹೆಚ್ಚು ಬೆಲೆಯುಳ್ಳವು. ಹೆಣ್ಣಿನ ತಂದೆಯು ಗೋಡೆಯ ಮೇಲಿನ ಚೌಕಟ್ಟನ್ನು ನೋಡಿ ಮುಂಗಡ ಕೊಡುವುದಿಲ್ಲ. ಹಿಂದಿನ ಮದುವೆಯ ಆಲ್ಬಮ್ಮನ್ನು ತಿರುವಿಹಾಕಿ ಕೊಡುತ್ತಾನೆ.

ಕ್ಯಾಮರಾವನ್ನು ಮೊದಲೇ ಕೊಳ್ಳುವುದು ಅನೇಕರು ಮಾಡುವ ಕೆಲಸ. ಅದು ಬೇಡವೆಂದು ನಮ್ಮ ಸಲಹೆ. ಹೊಸಬರು ಕಲಿಯಬೇಕಾದ ಮೂರು ಅಳತೆಗಳುಂಟು: ಬೆಳಕು ಬರುವ ದ್ವಾರವು ಎಷ್ಟು ತೆರೆದಿರಬೇಕೆಂಬ ಅಪರ್ಚರ್, ಎಷ್ಟು ಹೊತ್ತು ಬೆಳಕನ್ನು ಬಿಡಬೇಕೆಂಬ ಷಟರ್ ವೇಗ, ಬೆಳಕಿಗೆ ಎಷ್ಟು ಬೇಗ ಸ್ಪಂದಿಸಬೇಕೆಂಬ ಐ.ಎಸ್.ಓ. ಅಪರ್ಚರನ್ನು ಎಫ್ ೮ರಿಂದ ಎಫ್ ೧೧ಕ್ಕೆ ಕಿರಿದುಮಾಡಿದರೆ ಬೆಳಕು ಅರ್ಧವಾಗುತ್ತದೆ. ಷಟರನ್ನು ಸೆಕೆಂಡಿನ ೧೨೫ನೆಯ ಒಂದು ಪಾಲಿನಿಂದ ೬೦ನೆಯ ಒಂದು ಪಾಲಿಗೆ ನಿಧಾನಗೊಳಿಸಿದರೆ ಆ ನಷ್ಟವು ತುಂಬಿಬರುತ್ತದೆ. ಈ ಕೊಡುಕೊಳ್ಳುವ ಲೆಕ್ಕವನ್ನು ಅಭ್ಯಾಸಗಳ ಮೂಲಕ ಕೈಗೆ ಹತ್ತಿಸದ ಪಾಠಕ್ರಮವು ಹೊಸಬರಿಗೆ ತಕ್ಕುದಲ್ಲ. ಸಾಮಾನ್ಯವಾಗಿ ಫೋನುಗಳಲ್ಲಿ ಅಪರ್ಚರ್ ಬದಲಾಗುವುದಿಲ್ಲ. ಷಟರ್ ಮತ್ತು ಐ.ಎಸ್.ಓ.ಗಳನ್ನು ಅನೇಕ ಫೋನುಗಳಲ್ಲಿ ಕೈಯಾರೆ ಹೊಂದಿಸಬಹುದು. ಮೊದಲ ತಿಂಗಳುಗಳಿಗೆ ಅಷ್ಟು ಸಾಕು. ಮುಂದೆ ನೆಂಟರಿಷ್ಟರಲ್ಲಿರುವ ಹಳೆಯ ಕ್ಯಾಮರಾ ಒಂದನ್ನು ಎರವಲು ತಂದರೂ ಆಗುವುದು. ಆರಂಭದ ಪಾಠಕ್ಕೇ ಬೆಲೆಬಾಳುವ ಲೆನ್ಸುಗಳನ್ನು ಕೊಳ್ಳಬೇಕೆನ್ನುವವರು ಪಾಠಕ್ಕಿಂತ ವ್ಯಾಪಾರದ ಮೇಲೆ ಕಣ್ಣಿಟ್ಟವರೆಂದು ತಿಳಿಯಬೇಕು.

ಭಾಷೆಯನ್ನೂ ಮರೆಯಬಾರದು. ಪಾಠವು ಇಂಗ್ಲಿಷಿನಲ್ಲಿದ್ದರೂ ಹೇಗೋ ಅರ್ಥಮಾಡಿಕೊಳ್ಳಬಹುದು. ಆದರೆ ತನ್ನ ಸಂದೇಹವನ್ನು ಕೇಳಲು ನಾಚಿಕೆಪಡುವ ವಿದ್ಯಾರ್ಥಿಯು ಅರ್ಧ ಪ್ರಯೋಜನವನ್ನು ಕಳೆದುಕೊಂಡಂತೆಯೇ. ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಹೇಳುವ ಉಪಾಧ್ಯಾಯರು ಸಿಗುವಂತಿದ್ದರೆ ಅದನ್ನು ದೊಡ್ಡ ಅನುಕೂಲವೆಂದೇ ಎಣಿಸಬೇಕು.

ಇಷ್ಟೆಲ್ಲಾ ವಿಚಾರಿಸಿದ ಮೇಲೆಯೂ ಮನಸ್ಸು ತೂಗಾಡುತ್ತಿದ್ದರೆ, ಹಣ ಕಟ್ಟುವ ಮೊದಲು ಒಂದು ತಿಂಗಳ ವ್ರತವನ್ನು ಹಿಡಿಯಿರಿ. ಮನೆಯ ಒಂದು ಕಿಟಕಿಯನ್ನೂ ಒಂದು ಹಿತ್ತಾಳೆಯ ಚೊಂಬನ್ನೂ ಆರಿಸಿಕೊಂಡು, ಬೆಳಗ್ಗೆ ಏಳಕ್ಕೆ, ನಡುಹಗಲಿಗೆ, ಸಂಜೆ ಐದಕ್ಕೆ, ದಿನವೂ ಮೂರು ಚಿತ್ರಗಳನ್ನು ತೆಗೆಯಿರಿ. ತಿಂಗಳ ಕೊನೆಗೆ ತೊಂಬತ್ತು ಚಿತ್ರಗಳಾಗುವುವು. ಅವುಗಳಲ್ಲಿ ಉತ್ತಮವಾದ ಐದನ್ನು ಆರಿಸಿ, ಪ್ರತಿಯೊಂದನ್ನೂ ಏಕೆ ಆರಿಸಿದಿರೆಂದು ಎರಡೆರಡು ಸಾಲು ಬರೆಯಿರಿ. ತಿಂಗಳು ಮುಗಿಯುವ ಮೊದಲೇ ಬೇಸರವಾದರೆ ಶುಲ್ಕವು ಉಳಿಯಿತು. ಬೇಸರವಾಗದೆ, ಇದು ಏಕೆ ಹೀಗಾಯಿತೆಂಬ ಪ್ರಶ್ನೆಗಳು ಮನಸ್ಸಿನಲ್ಲಿ ತುಂಬಿಕೊಂಡರೆ, ಗುರುವನ್ನು ಹುಡುಕುವ ಹೊತ್ತು ಬಂದಿತು. ಆ ಐದು ಚಿತ್ರಗಳನ್ನೂ ಪ್ರಶ್ನೆಗಳನ್ನೂ ಕಳುಹಿಸಿ, ಯಾರ ಉತ್ತರವು ಪ್ರಯೋಜನಕರವೋ ಅವರಲ್ಲಿಯೇ ಸೇರಿರಿ.

ದೂರದ ಗುರುವಿನೊಡನೆ ಹತ್ತಿರದ ಗೆಳೆಯರೂ ಇರಬೇಕು. ವನ್ಯಜೀವಿಗಳ ಛಾಯಾಗ್ರಹಣದಲ್ಲಿ ವಿಖ್ಯಾತರಾಗಿ ೨೦೧೭ರಲ್ಲಿ ತೀರಿಕೊಂಡ ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅವರಿಗೆ ಮಾರ್ಗದರ್ಶಕರಾದವರು ಓ. ಸಿ. ಎಡ್ವರ್ಡ್ಸ್. ಪೆರುಮಾಳರು ತಾವು ಪಡೆದುದನ್ನು ಮುಂದೆ ಅನೇಕ ಕಿರಿಯರಿಗೆ ಹಂಚಿದರು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯು ೧೯೭೧ರಲ್ಲಿ ಸ್ಥಾಪಿತವಾದುದು. ಸಂಘವಿಲ್ಲದ ಊರಿನಲ್ಲಿ ನಾಲ್ವರು ಆಸಕ್ತರು ತಿಂಗಳಿಗೊಮ್ಮೆ ಸೇರಿ, ಒಬ್ಬರ ಚಿತ್ರವನ್ನೊಬ್ಬರು ಸಂಕೋಚವಿಲ್ಲದೆ ವಿಮರ್ಶಿಸಿದರೂ ಸಾಕು, ಪಾಠಗಳಿಂದ ಬಂದುದು ಗಟ್ಟಿಯಾಗಿ ನಿಲ್ಲುವುದು.

ಒಟ್ಟಿನಲ್ಲಿ ಹೇಳುವುದಾದರೆ, ಹೆಸರನ್ನಾಗಲಿ ಪ್ರಮಾಣಪತ್ರದ ಚೌಕಟ್ಟನ್ನಾಗಲಿ ನೋಡಿ ಪಾಠಕ್ರಮವನ್ನು ಆರಿಸಬೇಡಿರಿ. ನಿಮ್ಮ ಚಿತ್ರವನ್ನು ನೋಡುವ ಕಣ್ಣೊಂದು ಆ ಕಡೆ ಇದೆಯೇ ಎಂಬುದನ್ನು ನೋಡಿ ಆರಿಸಿರಿ. ಆ ಕಣ್ಣಿಗೆ ಕೊಟ್ಟ ಹಣವು ವ್ಯರ್ಥವಾಗದು. ಕ್ರಮೇಣ ಆ ಕಣ್ಣು ನಿಮ್ಮದೇ ಆಗುವುದು. ಅಂದಿಗೆ ದೂರಶಿಕ್ಷಣದ ಕೆಲಸವೂ ಮುಗಿಯಿತೆಂದು ತಿಳಿಯಬಹುದು.